ಹರಕೆಯ ಉಂಡೆ ತಿಂದ ಮೀನು

ಮೀನಿನ ಕೊಬ್ಬಿನ ಮೇಲೆ ಡಾಕ್ಟರೇಟ್ ಮಾಡಲು ಹೊರಟ ರೇವಣಪ್ಪ ಮಾಸ್ತರರು ಹುಟ್ಟಿದಾರಭ್ಯ ಮೀನು ಬಾಯಿಗಿಟ್ಟವರಲ್ಲ. ಭಾಲ್ಕಿ ಕಡೆಯ ಲಿಂಗವಂತರು, ಔರಂಗಾಬಾದಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದರು. ಅವರ ಪಕ್ಕದ ಮನೆಯವನು ನಾನು. ಸ್ಟೇಷನ್ ಎದುರು ನನ್ನದು ಶುದ್ಧ ಸಸ್ಯಾಹಾರಿ ಹೋಟೆಲು. ಮನೆಯಲ್ಲಿ ಮಾತ್ರ ಕಿಟಕಿ ಮುಚ್ಚಿಕೊಂಡು ಬಂಗುಡೆ ಹುರಿಯುವ ಕರಾವಳಿಯವರು ನಾವು. ಹೀಗಾಗಿ ಮೀನಿನ ಸಂಗತಿ ಬಂದಾಗಲೆಲ್ಲ ಮಾಸ್ತರರು ಗುಟ್ಟಾಗಿ ನನ್ನ ಬಳಿ ಬರುತ್ತಿದ್ದರು.

ಅದು ಅರವತ್ತೊಂಬತ್ತನೆಯ ಇಸವಿ. ಮುಂದಿನ ಮಾರ್ಚ್ ಒಳಗೆ ಪ್ರಬಂಧ ಒಪ್ಪಿಸದಿದ್ದರೆ ನೌಕರಿ ಕಾಯಂ ಆಗುವುದಿಲ್ಲವೆಂದು ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದ್ದರು. ಗಂಗಾಪುರದ ಬೆಸ್ತ ಭುಜಂಗ ಗೋದಾವರಿಯ ಮೀನುಗಳನ್ನು ಡಬ್ಬದಲ್ಲಿ ಜೀವಂತ ತಂದು ಕಾಲೇಜಿನ ಹಿಂದಿನ ಎರಡು ಸಿಮೆಂಟು ತೊಟ್ಟಿಗಳಿಗೆ ಬಿಟ್ಟ. ಒಂದಕ್ಕೆ ಹೊಳೆಯ ಪಾಚಿ, ಹುಳುಹುಪ್ಪಟೆ. ಇನ್ನೊಂದಕ್ಕೆ ಬರೀ ಗೋಧಿ ಹಿಟ್ಟಿನ ಉಂಡೆ. ತಿನ್ನುವುದು ಬದಲಾದರೆ ಕೊಬ್ಬು ಹೇಗೆ ಬದಲಾಗುತ್ತದೆ ಎಂಬುದು ಅವರ ಪ್ರಶ್ನೆ. ಮಳೆಗಾಲ ಕಳೆದ ಮೇಲಿನ ಬೂತಾಯಿ ಮೀನು ಯಾಕೆ ಎಣ್ಣೆ ಬಿಡುತ್ತದೆಂದು ನಮ್ಮಜ್ಜಿಯನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದಳು, ಆದರೆ ಅಜ್ಜಿಯ ಮಾತಿಗೆ ಡಿಗ್ರಿ ಕೊಡುವವರು ಯಾರು?

ದಿನಾ ಇಪ್ಪತ್ತೊಂದು ಉಂಡೆ ಮಾಡಿಕೊಡು, ಕಾಲೇಜಿನ ತೊಟ್ಟಿಯ ಮೀನಿಗೆ ಹಾಕಬೇಕು ಎಂದಷ್ಟೇ ಮಾಸ್ತರರು ಹೆಂಡತಿ ಈರಮ್ಮನಿಗೆ ಹೇಳಿದರು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಮೀನಿಗೆ ಹಿಟ್ಟು ಹಾಕಿದರೆ ಮಡಿಲು ತುಂಬುತ್ತದೆಂದು ಅವಳ ತವರಿನಲ್ಲಿ ಹೇಳುತ್ತಿದ್ದರು. ಗಂಡ ತನಗಾಗಿ ಹರಕೆ ಹೊತ್ತಿದ್ದಾನೆಂದು ತಿಳಿದು ಅವಳ ಕಣ್ಣು ತುಂಬಿತು. ಮಾಸ್ತರರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮರುದಿನದಿಂದ ಅವಳು ಮಿಂದು, ಲಿಂಗಪೂಜೆ ಮುಗಿಸಿಯೇ ಹಿಟ್ಟಿಗೆ ಕೈ ಹಾಕತೊಡಗಿದಳು.

ಹದಿನೈದು ದಿನಕ್ಕೊಮ್ಮೆ ಮಾಸ್ತರರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಎರಡೂ ತೊಟ್ಟಿಯಿಂದ ಮೀನು ತೆಗೆಸಿ, ಒಂದು ಮಗ್ಗುಲಿನ ಮಾಂಸ ಅರೆದು ಕೊಬ್ಬು ಇಳಿಸುತ್ತಿದ್ದರು. ಇನ್ನೊಂದು ಮಗ್ಗುಲು ಕಾಗದದಲ್ಲಿ ಸುತ್ತಿ ನನ್ನ ಮನೆಗೆ. ಪಾಚಿ ತಿಂದದ್ದರದು ತೆಳು ಎಣ್ಣೆ, ಚಳಿಯಲ್ಲೂ ಹರಿಯುತ್ತಿತ್ತು. ಮೈಗೆ ಅದೇ ಒಳ್ಳೆಯದಂತೆ. ಉಂಡೆ ತಿಂದದ್ದರ ಕೊಬ್ಬು ಬೆಳಗಾಗುವಷ್ಟರಲ್ಲಿ ಶೀಸೆಯಲ್ಲಿ ಹೆಪ್ಪುಗಟ್ಟಿರುತ್ತಿತ್ತು. ಬರೀ ಗೋಧಿಯಿಂದ ಇಷ್ಟೊಂದು ಕೊಬ್ಬೇ ಎಂದು ನಾಸಿಕದಲ್ಲಿದ್ದ ಅವರ ಗೈಡು ಬೆರಗಾಗಿ ಪತ್ರ ಬರೆದರು. ರುಚಿಯ ಮಟ್ಟಿಗೆ ನನ್ನ ಮತ ಉಂಡೆಯದಕ್ಕೇ. ನನ್ನ ಹೆಂಡತಿ ವಾರಿಜಾಕ್ಷಿಯೂ ಬೇಡವೆನ್ನಲಿಲ್ಲ, ಅವಳಾಗ ನಾಲ್ಕನೆಯದಕ್ಕೆ ಬಸುರಿ. ಈರಮ್ಮ ಎದುರು ಸಿಕ್ಕಾಗ ನನಗೆ ನಾಚಿಕೆಯಾಗುತ್ತಿತ್ತು. ಆದರೂ ತಿಂದೆ.

ಫೆಬ್ರವರಿಯಲ್ಲಿ ಪ್ರಬಂಧ ಟೈಪಾಗಿ ಬಂತು. ಅಷ್ಟರಲ್ಲಿ ತೊಟ್ಟಿಯ ಮೀನೆಲ್ಲ ಮುಗಿದಿತ್ತು. ಗೈಡು ತೊಟ್ಟಿ ನೋಡಿ ಸಹಿ ಹಾಕಲು ಬರುತ್ತಾರೆಂದು ಮಾಸ್ತರರು ಭುಜಂಗನಿಂದ ಹೊಸ ಮೀನು ತರಿಸಿ ತುಂಬಿದರು. ಮರುದಿನ ಉಂಡೆಯ ಡಬ್ಬಿ ಮನೆಯಲ್ಲೇ ಮರೆತು ಹೋದರು. ಹರಕೆ ತಪ್ಪಬಾರದೆಂದು ಈರಮ್ಮ ನನ್ನನ್ನು ಜೊತೆಗೆ ಕರೆದುಕೊಂಡು ಕಾಲೇಜಿಗೆ ನಡೆದೇಬಿಟ್ಟಳು. ತಪ್ಪಿಸಲು ದಾರಿಯುದ್ದಕ್ಕೂ ನಾನು ಹೇಳಿದ ಸುಳ್ಳು ಒಂದೂ ನಡೆಯಲಿಲ್ಲ.

ಮಾಸ್ತರರು ತೊಟ್ಟಿಗಳ ಬಳಿಯೇ ಇದ್ದರು. ಅವಳು ಉಂಡೆಯ ತೊಟ್ಟಿಯ ಮುಂದೆ ಕೂತು ಒಂದೊಂದೇ ಉಂಡೆ ಹಾಕಿದಳು. ನಾಲ್ಕನೆಯದಕ್ಕೆ ಕೈ ನಿಂತಿತು.

"ಇವು ನನ್ನ ಮೀನ ಅಲ್ರಿ," ಎಂದಳು ಗಂಡನಿಗೆ. "ವರ್ಷ ತನಕ ನನ್ನ ಉಂಡಿ ತಿಂದವು ಹಿಂಗ ಬಡಕ ಇರ್ತಾವೇನ್ರಿ? ಖರೆ ಹೇಳ್ರಿ, ಅವು ಎಲ್ಲಿ ಹೋದವು?"

ಮಾಸ್ತರರು ಇನ್ನೂರು ಪುಟದಲ್ಲಿ ಸಾಧಿಸಿದ್ದನ್ನು ಅವಳು ಒಂದು ನೋಟಕ್ಕೆ ಕಂಡುಹಿಡಿದಿದ್ದಳು. ಅವರಿಗೆ ಸುಳ್ಳು ಹೇಳಲು ಬಾರದು, ಸುಮ್ಮನಿರಲು ಮಾತ್ರ ಬರುತ್ತಿತ್ತು. ಅಂದು ಅದೂ ಆಗದೆ ಕೊಯ್ದದ್ದು, ಅರೆದದ್ದು, ಶೀಸೆಗೆ ಇಳಿಸಿದ್ದು ಎಲ್ಲ ಹೇಳಿಬಿಟ್ಟರು. ನನ್ನ ಹೆಸರು ಮಾತ್ರ ಬಿಟ್ಟರು, ಪುಣ್ಯಾತ್ಮರು.

ಈರಮ್ಮ ಅಳಲಿಲ್ಲ. ಉಳಿದ ಉಂಡೆಗಳ ಮೇಲೆ ಡಬ್ಬಿಯ ಮುಚ್ಚಳ ಹಾಕಿದಳು. "ನನ್ನ ಪಾಲಿನ ತುಪ್ಪ ನಾ ಉಣ್ಣಲಾರದ ದಿನಾ ಆ ಹಿಟ್ಟಿಗೆ ಹಾಕೀನ್ರಿ," ಎಂದಳು.

ಮಾಸ್ತರರು ಪ್ರಬಂಧದಲ್ಲಿ ಬರೀ ಗೋಧಿ, ಬರೀ ಗೋಧಿ ಎಂದು ಪುಟಪುಟದಲ್ಲೂ ಬರೆದಿದ್ದರು. ಇನ್ನಾದರೂ ಅವಳ ಕೈ ಹಿಡಿದು ಕ್ಷಮೆ ಕೇಳುತ್ತಾರೆಂದು ನಾನು ಕಾದೆ. ಅವರು ಜೇಬಿನಿಂದ ಪೆನ್ನು ತೆಗೆದರು.

"ದಿನಾ ಎಷ್ಟ ಹಾಕ್ತಿದ್ದಿ? ಅಂದಾಜರೇ ಹೇಳು."

"ಕೂಸಿನ ಸಲುವಾಗಿ ಹಾಕಿದ್ದರಿ," ಎಂದಳು ಈರಮ್ಮ. "ಅಳತಿ ಮಾಡಿಲ್ಲ."