ಚೀಲಗಳ ಮೇಲೆ ಕುಳಿತವರು

ಪುಷ್ಪಾವತಿಗೆ ಭೌತಶಾಸ್ತ್ರದ ಗಂಧಗಾಳಿ ಇರಲಿಲ್ಲ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಬಿ.ಎ. ಓದುವವಳು, ಬೇರೆ ವಿಭಾಗದ ಒಂದು ವಿಷಯ ಕಡ್ಡಾಯವೆಂದು ಈ ತರಗತಿಗೆ ಬಂದಿದ್ದಳು.

ವಿಜಯೇಂದ್ರ ಸರ್ ಜಡತ್ವ ಹೇಳಿಕೊಡುತ್ತಿದ್ದರು. "ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಟೆಂಪೊ ಹೊಂಟದ. ಚೀಲದ ಮ್ಯಾಲೆ ಮಂದಿ ಕೂತಾರ. ಡ್ರೈವರ್ ಗಕ್ಕನ ಬ್ರೇಕ್ ಹಾಕಿದಾ. ಮ್ಯಾಲಿನವರು ಏನಾಗ್ತಾರ?"

"ಚಾ ಕುಡಿಯಾಕ ಇಳೀತಾರ್ರಿ," ಎಂದ ಹಿಂದಿನ ಬೆಂಚಿನ ಮಾಲತೇಶ. ಎಲ್ಲರೂ ನಕ್ಕರು.

"ಗಾಡಿ ನಿಂತರೂ ಅವರ ಮೈ ಮುಂದ ಹೋಗ್ತದ. ಯಾರೂ ದಬ್ಬೂದು ಬ್ಯಾಡ."

ಪುಷ್ಪಾವತಿ ಎದ್ದು ನಿಂತಳು. "ಕಾಗಿನೆಲಿ ದಾರಿ ಟರ್ನಿಂಗ್‌ನ್ಯಾಗ ದೆವ್ವ ದಬ್ಬತೈತಿ ಅಂತಾರಲ್ರಿ ಸರ್?"

"ದೆವ್ವ ಯಾಕ ಬೇಕವಾ, ಬ್ರೇಕ್ ಸಾಕು."

ಅಲ್ಲಿ ದಬ್ಬಿದ್ದು ದೆವ್ವವೇ ಎಂದು ಊರು ಆರು ವರ್ಷ ಹೇಳಿತ್ತು. ಅವಳೂ ನಂಬಿ, ಪ್ರತಿ ಅಮಾವಾಸ್ಯೆಗೆ ಆ ತಿರುವಿನಲ್ಲಿ ತೆಂಗಿನಕಾಯಿ ಒಡೆದು ಬರುತ್ತಿದ್ದಳು. ಆರು ವರ್ಷದ ಹಿಂದೆ, ಅಪಘಾತವಾದ ದಿನ, ಮೆಣಸಿನಕಾಯಿ ಟೆಂಪೊದಲ್ಲಿ ಡ್ರೈವರನ ಪಕ್ಕ ಕುಳಿತಿದ್ದವಳು ಅವಳು. ಕಿಟಕಿಯಿಂದ ಓಢಣಿ ಹಾರಿಹೋದಾಗ "ನಿಂದ್ರಸ್ರಿ ಕಾಕಾ" ಎಂದು ಚೀರಿದವಳೂ ಅವಳೇ.

ಮೇಲಿನಿಂದ ಬಿದ್ದವರು ಮೂವರು. ಸತ್ತವರು ಇಬ್ಬರು, ಅವಳ ಅಪ್ಪ ಮತ್ತು ಅಣ್ಣ.