ಪಟ್ಟಿಗಾಗಿ ಮಾಡಿದ ಫೋನು

ಯಾವ ಪದವಿ ಓದಿದವರಿಗೆ ಯಾವ ವರ್ಷ ಎಷ್ಟು ನೌಕರಿ ಸಿಕ್ಕಿತು ಎಂದು ಪಟ್ಟಿ ಮಾಡುವ ಕೆಲಸ ಬಸವಕಲ್ಯಾಣದ ನಮ್ಮ ಕಾಲೇಜಿನಲ್ಲಿ ನನ್ನ ಪಾಲಿಗೆ ಬಂದಿತ್ತು. ಬಿ.ಕಾಂ.ನವರ ಸಾಲುಗಳು ಹೇಗೋ ತುಂಬಿದವು. ಇತಿಹಾಸ ಓದಿದವರ ಸಾಲುಗಳು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತ ಬಂದವು.

ಆರು ವರ್ಷದ ಹಿಂದೆ ಬಿ.ಎ. ಮುಗಿಸಿದ್ದ ಗುರುಲಿಂಗನ ಮನೆಗೆ ಫೋನ್ ಮಾಡಿದೆ. ಮುಡಬಿಯಲ್ಲಿದ್ದ ಅವನ ತಾಯಿ ಸಂಗಮ್ಮ ಎತ್ತಿದರು.

"ಅವ ಹುಮನಾಬಾದದಾಗ ಧಾಬಾದಾಗ ಕೆಲಸ ಮಾಡಾಕತ್ತಾನ್ರಿ."

"ಕಾಲೇಜಿನಿಂದ ಮಾತಾಡಾಕತ್ತೇನಿ. ಅವನ ನೌಕರಿ ವಿಷಯ ಕೇಳೂದಿತ್ತು," ಎಂದೆ.

"ನಾಳೆ ಕರಕೊಂಡು ಬರ್ತೀನ್ರಿ ಮೇಡಂ," ಎಂದವರೇ ಫೋನ್ ಇಟ್ಟುಬಿಟ್ಟರು. ಯಾಕೆ ಬರುತ್ತಾರೆಂದು ನಾನು ಯೋಚಿಸಲೇ ಇಲ್ಲ. ನನಗೆ ಮುಂದಿನ ಹೆಸರಿನ ಅವಸರ.

ಮರುದಿನ ಮುಂಜಾನೆ ತಾಯಿ, ಮಗ ಇಬ್ಬರೂ ಬಂದರು. ಗುರುಲಿಂಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಂಕಪಟ್ಟಿಗಳ ಚೀಲವನ್ನು ಎದೆಗವಚಿಕೊಂಡು ನಿಂತಿದ್ದ. ಸಂಗಮ್ಮ ಸೆರಗಿನ ಗಂಟು ಬಿಚ್ಚಿದರು.

"ಬಾಯಿ ತೆಗೀರಿ ಮೇಡಂ. ಬಸವಣ್ಣನ ಮುಂದ ಇಟ್ಟ ಸಕ್ಕರಿ. ನಿಮ್ಮ ಫೋನ್ ಬಂತಂತ ಧಾಬಾದ ಕೆಲಸ ನಿನ್ನೇನ ಬಿಟ್ಟು ಬಂದಾನ್ರಿ."

ಒಂದು ಚಿಟಿಕೆ ಸಕ್ಕರೆ ನನ್ನ ನಾಲಿಗೆಯ ಮೇಲೆ ಬಿತ್ತು. ಅದು ಕರಗುವ ಮೊದಲೇ ಮೇಜಿನ ಮೇಲಿದ್ದ ಪಟ್ಟಿಯನ್ನು ಮಗುಚಿಟ್ಟೆ.