ಬೋರ್ಡಿನ ಮೇಲಿನ ಚಂದ್ರಕ್ಕ

ಚಿತ್ರದುರ್ಗದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಚಂದ್ರಕ್ಕನ ಹೋಟೆಲಿಗೆ ಹೆಸರೇ ಇರಲಿಲ್ಲ. ಮೇಲೆ ತಗಡು, ಒಳಗೆ ಎರಡು ಬೆಂಚು, ಮೂಲೆಯಲ್ಲಿ ಸೌದೆ ಒಲೆ. ಬೇಸಿಗೆಯಲ್ಲಿ ತಗಡು ಕಾದು, ಕೂತವರ ನೆತ್ತಿ ಸುಡುತ್ತಿತ್ತು. ಹೊಗೆಗೆ ಚಂದ್ರಕ್ಕನ ಕಣ್ಣು ಯಾವಾಗಲೂ ಕೆಂಪು. ಗಂಡ ತೀರಿಕೊಂಡ ಮೇಲೆ ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಬಂದವಳು, ನಿರಂಜನ್ ಎಂಬ ಸಾಹುಕಾರನ ಖಾಲಿ ಜಾಗ ಬಾಡಿಗೆಗೆ ಹಿಡಿದು ಆ ಶೆಡ್ಡು ಎಬ್ಬಿಸಿದ್ದಳು. ರಾಗಿ ಮುದ್ದೆ, ಹುರುಳಿಕಟ್ಟಿನ ಸಾರು, ಹುಚ್ಚೆಳ್ಳು ಚಟ್ನಿ. ಅದರಾಚೆ ಬೇರೆ ಏನೂ ಸಿಗುತ್ತಿರಲಿಲ್ಲ.

ಅಲ್ಲಿ ಉಣ್ಣುತ್ತಿದ್ದವರು ಮೂಟೆ ಹೊರುವವರು, ಆಟೋದವರು, ಎಲ್ಲರಿಗಿಂತ ಹೆಚ್ಚಾಗಿ ಬೀದಿ ಗುಡಿಸುವ ಹೆಂಗಸರು. ಯಾವನೋ ಗುತ್ತಿಗೆದಾರನ ಕೈಕೆಳಗೆ ಅವರ ದುಡಿಮೆ. ಹೊತ್ತು ಮೂಡುವ ಮೊದಲೇ ಪೊರಕೆ ಹಿಡಿದವರು ಬಿಸಿಲೇರುವಾಗ ಹಸಿದು ಬರುತ್ತಿದ್ದರು. ಬೇರೆ ಹೋಟೆಲಿನವರು ಕಾಗದದ ಲೋಟದಲ್ಲಿ ಚಾ ಕೊಟ್ಟು ಅವರನ್ನು ಚರಂಡಿ ಪಕ್ಕ ನಿಲ್ಲಿಸುತ್ತಿದ್ದರು. ಚಂದ್ರಕ್ಕನಲ್ಲಿ ಅವರು ಬೆಂಚಿನ ಮೇಲೆ ಕೂತು ಸ್ಟೀಲು ತಟ್ಟೆಯಲ್ಲಿ ಉಣ್ಣುತ್ತಿದ್ದರು. ಅವರ ಪೈಕಿ ನೇತ್ರಾವತಿ ಬಾಯಿ ಜೋರಿನವಳು.

"ಯಕ್ಕ, ಈ ದುರ್ಗದಾಗೆ ನಮ್ಮನ್ನ ಕುಂತ್ಕಳ್ರಿ ಅನ್ನೋಳು ನೀನೊಬ್ಳೇ ಕಣಕ್ಕ" ಎನ್ನುತ್ತಿದ್ದಳು.

ಒಂದು ದಿನ ರಂಗೇಶ್ ಎಂಬ ಹುಡುಗ ಬೆಂಗಳೂರಿನಿಂದ ಕೋಲಿಗೆ ಸಿಕ್ಕಿಸಿದ ಫೋನು ಹಿಡಿದು ಬಂದ. ಊರೂರು ಸುತ್ತಿ ಸಣ್ಣ ಹೋಟೆಲು ಹುಡುಕಿ ವಿಡಿಯೋ ಮಾಡುವುದೇ ಅವನ ಕಸುಬು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ, ಕಣ್ಣು ಮುಚ್ಚಿ ತೆರೆದ. ಫೋನಿಗೆ ಹೇಳಿದ: "ಗೆಳೆಯರೇ, ಯಾರಿಗೂ ಗೊತ್ತಿಲ್ಲದ ಜಾಗ ಒಂದನ್ನ ಕಂಡುಹಿಡಿದಿದ್ದೀನಿ."

ಪಕ್ಕದ ಬೆಂಚಿನಿಂದ ನೇತ್ರಾವತಿ ನಕ್ಕಳು. "ಯಾರಿಗೂ ಗೊತ್ತಿಲ್ವಾ? ಮತ್ತೆ ದಿನಾ ಉಣ್ಣೋ ನಾವೇನು ದೆವ್ವಗಳೇನಪ್ಪ?"

ರಂಗೇಶ್ ಫೋನನ್ನು ಸ್ವಲ್ಪ ಆಚೆ ತಿರುಗಿಸಿಕೊಂಡ. ವಿಡಿಯೋದಲ್ಲಿ ಒಲೆ ಬಂತು, ಮುದ್ದೆ ಬಂತು, ಚಂದ್ರಕ್ಕನ ನಗು ಬಂತು. ಬೆಂಚಿನ ಮೇಲಿದ್ದವರು ಬರಲಿಲ್ಲ.

ವಿಡಿಯೋ ಹರಡಿ, ಮುಂದಿನ ಭಾನುವಾರದಿಂದಲೇ ಕೋಟೆ ನೋಡಲು ಬಂದವರ ಕಾರುಗಳು ಗಲ್ಲಿ ಬಾಯಲ್ಲಿ ನಿಲ್ಲತೊಡಗಿದವು. ಒಂದು ದಿನವೂ ಒಳಗೆ ಕಾಲಿಡದಿದ್ದ ನಿರಂಜನ್ ಈಗ ದಿನಾ ಬರತೊಡಗಿದ.

"ಚಂದ್ರಕ್ಕ, ಆ ಪೊರಕೆಯೋರ್ನ ಆಚೆ ಕೂರ್ಸು. ಕಾರ್‌ನೋರು ಅವ್ರ ಪಕ್ಕ ಕೂರಾಕೆ ಹಿಂದೆಮುಂದೆ ನೋಡ್ತಾವ್ರೆ."

"ಅವ್ರು ಮೊದ್ಲಿಂದ ಬರೋರು ಸಾವ್ಕಾರ್ರೆ."

"ಜಾಗ ಮೊದ್ಲಿಂದ ನಂದು. ಹೇಳ್ದಂಗೆ ಕೇಳು, ಇಲ್ಲ ಖಾಲಿ ಮಾಡು."

ಖಾಲಿ ಮಾಡಿ ಎಲ್ಲಿಗೆ ಹೋಗುವುದು? ಮರುದಿನ ಚಂದ್ರಕ್ಕ ಕಾಗದದ ತಟ್ಟೆಯಲ್ಲಿ ಮುದ್ದೆ ಇಟ್ಟು ಬಾಗಿಲಾಚೆ ಚಾಚಿದಳು. ನೇತ್ರಾವತಿ ತಟ್ಟೆ ನೋಡಿದಳು, ಚಂದ್ರಕ್ಕನ ಮುಖ ನೋಡಿದಳು. ನಿಂತೇ ಉಂಡು, ದುಡ್ಡು ಹೊಸ್ತಿಲ ಮೇಲಿಟ್ಟು ಹೋದಳು. ಆಮೇಲೆ ಆ ಹೆಂಗಸರ್ಯಾರೂ ಅತ್ತ ಸುಳಿಯಲಿಲ್ಲ.

ಕೆಲವು ದಿನಕ್ಕೆ ನಿರಂಜನ್ ಇನ್ನೊಂದು ಮಾತು ತಂದ. "ಈ ತಗಡು ಕಿತ್ತಾಕಿ ದೊಡ್ಡದಾಗಿ ಕಟ್ಟಾಣ. ನೀನೇ ಯಜಮಾನಿ." ಚಂದ್ರಕ್ಕ ನಂಬಿದಳು. ತಗಡು ಕಿತ್ತರು, ಟೈಲ್ಸ್ ಹಾಕಿದರು, ಗಾಜು ಕೂರಿಸಿದರು, ಮುಂದಕ್ಕೆ ಹಳ್ಳಿ ಗುಡಿಸಲಿನ ಹಾಗೆ ಸುಳ್ಳು ಹುಲ್ಲಿನ ಚಾವಣಿ ಇಳಿಬಿಟ್ಟರು. ಅದರ ಮೇಲೆ ಆಳೆತ್ತರದ ಬೋರ್ಡು: 'ಚಂದ್ರಕ್ಕನ ಮುದ್ದೆ ಮನೆ'. ಪಕ್ಕದಲ್ಲಿ ವಿಡಿಯೋದಿಂದ ತೆಗೆದ ಅವಳದೇ ನಗುಮುಖ.

ಶುರುವಾದ ದಿನ ಚಂದ್ರಕ್ಕ ಪೆಟ್ಟಿಗೆಯಲ್ಲಿದ್ದ ಒಳ್ಳೆ ಸೀರೆ ಉಟ್ಟು ಬಂದಳು. ಗಲ್ಲಾದ ಮೇಲೆ ನಿರಂಜನನ ಬಾಮೈದ ಕೂತಿದ್ದ. ನಿರಂಜನ್ ಅಡುಗೆಮನೆಯ ಕಡೆ ಬೆರಳು ತೋರಿಸಿದ.

"ನಿನ್ ಜಾಗ ಅಲ್ಲಿ. ತಿಂಗ್ಳ ಸಂಬ್ಳ ಕೊಡ್ತೀನಿ."

"ಯಜಮಾನಿ ಅಂದಿದ್ರಿ."

"ಬೋರ್ಡಿನಾಗೆ ನಿನ್ನ ಫೋಟೋನೇ ಐತಲ್ಲ. ಇನ್ನೇನ್ ಬೇಕು ನಿಂಗೆ?"

ಚಂದ್ರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವರು, ಕೈ ತೊಳೆಯಲು ಬಾಗಿಲ ಪಕ್ಕದ ನಲ್ಲಿಗೆ ಬಂದ ಅವಳನ್ನು "ಸ್ವಲ್ಪ ಸರೀರಿ" ಎಂದು ಪಕ್ಕಕ್ಕೆ ಕಳಿಸುತ್ತಿದ್ದರು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಗಲಾಟೆ ಕೇಳಿಸಿತು. ನೇತ್ರಾವತಿಯ ಧ್ವನಿ.

"ದುಡ್ಡು ಕೊಟ್ಟು ಉಣ್ಣಾಕೆ ಬಂದಿರೋದು. ಯಾಕೆ ಒಳಗೆ ಬಿಡಾಕಿಲ್ಲ? ಚಂದ್ರಕ್ಕನ ಮನೆ ಅಂತ ಬರ್ದೀರಲ್ಲ, ಚಂದ್ರಕ್ಕನ್ನೇ ಕರೀರಿ. ಹೋಗು ಅಂತ ಅವ್ಳೇ ಹೇಳ್ಲಿ, ಹೋಗ್ತೀನಿ."

ಚಂದ್ರಕ್ಕ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಹೊರಗೆ ಬಂದಳು. ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು.

"ಹೇಳು ಚಂದ್ರಕ್ಕ" ಎಂದ ನಿರಂಜನ್.

ಅವಳು ಅವನ ಕಡೆ ನೋಡಲಿಲ್ಲ. "ಅವತ್ತು ನಿನ್ನ ಆಚೆ ನಿಲ್ಸಿದ್ದು ತಪ್ಪಾತು ಕಣೆ ನೇತ್ರ. ಒಳಗೆ ಬಾ."

ನಿರಂಜನ್ ಬಾಗಿಲಿಗೆ ಕೈ ಅಡ್ಡ ಹಿಡಿದ.

"ಹಂಗಾದ್ರೆ ನಾನೇ ಆಚೆ ಬರ್ತೀನಿ" ಎಂದಳು ಚಂದ್ರಕ್ಕ. ಒಳಗೆ ಹೋಗಿ ತನ್ನ ಹಳೇ ಪಾತ್ರೆ, ಮುದ್ದೆ ಕೋಲು ಎತ್ತಿಕೊಂಡು ಅವನ ಕೈ ಕೆಳಗೇ ನುಸುಳಿ ಹೊರಬಿದ್ದಳು.

ಮಾರನೆಯ ದಿನ ಅದೇ ಹೋಟೆಲಿನ ಎದುರು, ರಸ್ತೆ ಬದಿಯಲ್ಲಿ, ಮೂರು ಕಲ್ಲಿನ ಒಲೆ ಉರಿಯಿತು. ಗುಡಿಸುವ ಹೆಂಗಸರು ಗೋಣಿ ಹಾಸಿಕೊಂಡು ಸಾಲಾಗಿ ಕೂತರು. ಕಾರಿನವರಲ್ಲೂ ಕೆಲವರು ಬೋರ್ಡು ನೋಡಿ, ಒಲೆ ನೋಡಿ, ರಸ್ತೆ ದಾಟಿ ಬಂದರು.

ನಿರಂಜನ್ ಸುಮ್ಮನಿರುತ್ತಾನೆಯೇ? ಗುಡಿಸುವ ಹೆಂಗಸರನ್ನು ದುಡಿಸುವ ಗುತ್ತಿಗೆದಾರನ ಮೇಸ್ತ್ರಿ ಹಾಲೇಶ್ ಅವನ ಗೆಳೆಯ. ಎರಡು ದಿನ ಕಳೆಯುವುದರೊಳಗೆ ಹಾಲೇಶ್ ಕಸದ ಟ್ರ್ಯಾಕ್ಟರನ್ನು ಆ ಗಲ್ಲಿಗೆ ತರಿಸಿ, ತುಂಬಲು ಸುಲಭವಾಗಲೆಂದು ಒಲೆಗೆ ಎದುರಾಗಿ ಹೋಟೆಲಿನ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಲು ಚಾಲಕ ಜುಂಜಣ್ಣನಿಗೆ ಹೇಳಿದ. ಹೆಂಗಸರ ಕಡೆ ತಿರುಗಿದ.

"ಏಳ್ರಿ. ಈ ಒಲೆ, ಪಾತ್ರೆ ಎಲ್ಲಾ ಎತ್ತಿ ತುಂಬ್ರಿ."

ಯಾರೂ ಏಳಲಿಲ್ಲ.

"ಕಸ ಎತ್ತೋದು ನಮ್ ಕೆಲ್ಸ. ಇದು ಊಟ" ಎಂದಳು ನೇತ್ರಾವತಿ.

"ತುಂಬ್ದೆ ಇದ್ದೋರು ನಾಳೆಯಿಂದ ಕೆಲ್ಸಕ್ಕೆ ಬರೋದು ಬ್ಯಾಡ."

ನೇತ್ರಾವತಿಯ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಆದರೂ ಎದ್ದು ಪೊರಕೆಯನ್ನು ಹಾಲೇಶನ ಕಾಲ ಬಳಿ ಇಟ್ಟಳು. "ನಾಳೆ ಯಾಕೆ, ಇವತ್ತಿಂದ್ಲೇ ತಗಳ್ರಿ." ಅವಳ ಹಿಂದೆ ಇನ್ನೊಬ್ಬಳು ಇಟ್ಟಳು. ಆಮೇಲೆ ಎಲ್ಲರೂ.

ಹಾಲೇಶನ ಮುಖ ಕಪ್ಪಿಟ್ಟಿತು. ಬೂಟುಗಾಲಲ್ಲಿ ಪಾತ್ರೆಯನ್ನು ಒದ್ದ. ಕುದಿಯುವ ಸಾರು ರಸ್ತೆ ತುಂಬ ಹರಿಯಿತು. ಚಂದ್ರಕ್ಕನ ಪಾದದ ಮೇಲೂ ಬಿತ್ತು. ಅವಳು ಹಲ್ಲು ಕಚ್ಚಿ ನಿಂತೇ ಇದ್ದಳು.

ಅಲ್ಲಿಯವರೆಗೆ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದ ಜುಂಜಣ್ಣ ಇಂಜಿನ್ ಆರಿಸಿದ. ಕೆಳಗಿಳಿದು, ಕೀಲಿ ಜೇಬಿಗೆ ಹಾಕಿಕೊಂಡು, ಚಂದ್ರಕ್ಕನ ಪಾದಕ್ಕೆ ತಣ್ಣೀರು ಸುರಿದ. "ನಡ್ಯಕ್ಕ, ಆಸ್ಪತ್ರೆಗೆ ತೋರ್ಸಿ ಅಲ್ಲಿಂದ ಸ್ಟೇಷನ್‌ಗೆ ಹೋಗಾಣ. ಬರ್ರಿ ಎಲ್ರೂ."

ಹೆಂಗಸರೆಲ್ಲ ಎದ್ದರು. ನೇತ್ರಾವತಿ ಚಂದ್ರಕ್ಕನ ತೋಳು ಹಿಡಿದಳು. ಊರಿನ ಕಸವನ್ನೆಲ್ಲ ಹೊತ್ತ ಟ್ರ್ಯಾಕ್ಟರು ಗಾಜಿನ ಬಾಗಿಲಿಗೆ ಅಡ್ಡವಾಗಿ ಹಾಗೇ ನಿಂತಿತ್ತು. ಬಿಸಿಲಿಗೆ ನಾತ ಎದ್ದು, ನೊಣ ಮುತ್ತಿ, ಒಳಗಿದ್ದವರು ಅರ್ಧ ಊಟಕ್ಕೇ ಹಿಂಬಾಗಿಲು ಹುಡುಕುತ್ತಿದ್ದರು.

ನಿರಂಜನ್ ಕರವಸ್ತ್ರದಿಂದ ಮೂಗು ಒತ್ತಿ ಹಿಡಿದು ಹೊರಗೆ ಓಡಿ ಬಂದ. "ಲೇ ಜುಂಜ, ಇದ್ನ ತಗಂಡು ಹೋಗೋ. ಯಾರ್ಲೇ ಎತ್ತೋರು ಇದ್ನ?"

ನೇತ್ರಾವತಿ ತಿರುಗಿ, ನೆಲದಲ್ಲಿ ಬಿದ್ದಿದ್ದ ಪೊರಕೆಗಳ ರಾಶಿ ತೋರಿಸಿದಳು.

"ಅಲ್ಲೇ ಅವೆ ಸಾವ್ಕಾರ್ರೆ. ಒಂದು ತಗಳ್ರಿ."